ಬಚ್ಚಲಮನೆಯಲ್ಲಿದ್ದ ನೆರಡಿ

ನನ್ನ ಗಂಡ ದನದ ಡಾಕ್ಟರು. ಸರ್ಕಾರದ ಲೆಕ್ಕದಲ್ಲಿ ಪಶುವೈದ್ಯಾಧಿಕಾರಿ. ಆದರೆ ಭಟ್ಕಳ, ಹೊನ್ನಾವರ, ಕುಮಟೆಯ ಕಡೆ ಅಷ್ಟು ಉದ್ದದ ಹೆಸರನ್ನು ಯಾರೂ ಬಾಯಲ್ಲಿ ಹೊರಳಿಸುತ್ತಿರಲಿಲ್ಲ. ಮದುವೆಯಾಗಿ ಭಟ್ಕಳಕ್ಕೆ ಬಂದ ಹೊಸತರಲ್ಲಿ ನಾನು ಪೇಟೆಗೆ ಹೋದರೆ ಅಂಗಡಿಯವರು ಒಬ್ಬರಿಗೊಬ್ಬರು ಕನ್ನಡದಲ್ಲೂ ನವಾಯತಿಯಲ್ಲೂ ಪಿಸುಗುಟ್ಟುತ್ತಿದ್ದದ್ದು ದನದ ಡಾಕ್ಟ್ರ ಹೆಂಡತಿ ಬಂದಳು ಎಂದೇ. ಅದರಲ್ಲಿ ನನಗೆ ಬೇಸರವಿರಲಿಲ್ಲ. ಹೆಮ್ಮೆಯೇ ಇತ್ತು. ಅವರು ಕಟ್ಟುನಿಟ್ಟಿನ ಮನುಷ್ಯ. ಕೈ ತೊಳೆಯುವುದನ್ನೇ ಒಂದು ವ್ರತ ಮಾಡಿಕೊಂಡಿದ್ದರು. ಮನೆಯೊಳಗೆ ಬರುವ ಮೊದಲು ಹಿತ್ತಿಲಿನಲ್ಲಿ ಅಂಗಿ ಕಳಚಿ, ಫಿನೈಲು ಹಾಕಿದ ನೀರಿನಲ್ಲಿ ಮೊಣಕೈವರೆಗೆ ತಿಕ್ಕಿಕೊಂಡು, ಆಮೇಲೆ ನನ್ನ ಕೈಯಿಂದ ನೀರಿನ ಲೋಟ ಇಸಿದುಕೊಳ್ಳುತ್ತಿದ್ದರು.

ಅವರ ಬಾಳಿನ ದೊಡ್ಡ ಅವಮಾನ ಆದದ್ದು ಭಟ್ಕಳದಲ್ಲೇ. ತೆಂಗಿನಗುಂಡಿಯ ದಾರಿಯಲ್ಲಿ ಒಂದು ಎಮ್ಮೆ ನಿಂತಲ್ಲೇ ಕುಸಿದು ಸತ್ತಿತು. ಮೂಗಿನಿಂದ ಕಪ್ಪು ರಕ್ತ ಒಸರಿತ್ತು. ಅವರು ನೋಡಿದವರೇ, ಇದು ನೆರಡಿ ರೋಗ, ಇಂಗ್ಲಿಷಿನ ಅಂಥ್ರಾಕ್ಸ್, ದನದಿಂದ ಮನುಷ್ಯರಿಗೂ ಬರುತ್ತದೆ ಎಂದು ಸಾರಿದರು. ಸುತ್ತಲಿನ ಹಾಲು ಮಾರಾಟ ನಿಲ್ಲಿಸಿದರು. ದನಗಳ ಸಾಗಾಟವನ್ನೂ ನಿಲ್ಲಿಸಿದರು. ಸತ್ತ ಪ್ರಾಣಿಯ ಕಿವಿಯ ತುಂಡೊಂದನ್ನು ನಿಯಮದಂತೆ ಪ್ಯಾಕು ಮಾಡಿ ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಅದು ದಾರಿಯಲ್ಲೇ ಕೊಳೆತುಹೋಗಿತ್ತಂತೆ, ಏನೂ ಹೇಳಲು ಬರುವುದಿಲ್ಲ ಎಂದು ಉತ್ತರ ಬಂತು. ಮೇಲಧಿಕಾರಿ ಜೀಪಿನಲ್ಲಿ ಬಂದು, ಆಸ್ಪತ್ರೆಯ ಅಂಗಳದಲ್ಲಿ, ದನ ಹಿಡಿದುಕೊಂಡು ನಿಂತ ಜನರ ಎದುರಿಗೇ, "ಊರು ಹೆದರಿಸೋಕೆ ಸರ್ಕಾರ ಸಂಬಳ ಕೊಡ್ತದೇನ್ರೀ?" ಎಂದು ಕೇಳಿದರು. ಅವತ್ತು ಮನೆಗೆ ಬಂದ ಅವರು ಊಟ ಮಾಡಲಿಲ್ಲ. ಬೈಗುಳ ಎಲ್ಲರಿಗೂ ಬೀಳುತ್ತದೆ, ಮರೆಯುತ್ತಾರೆ ಎಂದುಕೊಂಡೆ ನಾನು. ಅವರು ಮರೆಯಲಿಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವರಿಗೆ ಕುಮಟೆಗೆ ವರ್ಗವಾಯಿತು. ನನಗೂ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಕಡೆ ಹೆಂಗಸು ಮಾಸ್ತರಿಗೆ ಅಕ್ಕೋರು ಅನ್ನುತ್ತಾರೆ. ಹೀಗಾಗಿ ನಾನು ದನದ ಡಾಕ್ಟ್ರ ಹೆಂಡತಿ ಹೋಗಿ ಅಕ್ಕೋರಾದೆ. ಆ ವರ್ಷವೇ ಅವರು ಜಾನುವಾರು ರೋಗಗಳ ಕಾಯಿದೆಯನ್ನು ಹಳ್ಳಿಯವರಿಗೆ ತಿಳಿಯುವ ಹಾಗೆ ಒಂದು ಕರಪತ್ರ ಮಾಡಬೇಕೆಂದು ಹಟ ಹಿಡಿದರು. ಕಾಯಿದೆಯ ಇಂಗ್ಲಿಷು ಓದಿದರೆ ತಲೆ ಸುತ್ತುತ್ತಿತ್ತು. ಅವರು ಅರ್ಥ ಹೇಳುತ್ತಾ ಹೋದರು, ನಾನು ಮಕ್ಕಳಿಗೆ ಪಾಠ ಬರೆಯುವ ಹಾಗೆ ಬರೆದೆ. ಇಂಥ ರೋಗದಿಂದ ದನ ಸತ್ತರೆ ಕೂಡಲೇ ತಿಳಿಸಬೇಕು. ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಪರೀಕ್ಷೆಗೆ ತುಂಡು ತೆಗೆಯುವ ಅಧಿಕಾರ ಸರ್ಕಾರಿ ವೈದ್ಯರಿಗೆ ಮಾತ್ರ, ಅವರೂ ಅದನ್ನು ಪ್ರಯೋಗಾಲಯಕ್ಕೆ ಕಳಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ. ಮನುಷ್ಯರಿಗೆ ತಗಲಿದರೆ ನೋವಿಲ್ಲದ ಹುಣ್ಣಾಗುತ್ತದೆ, ನಡುವೆ ಕಪ್ಪಾಗುತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕೊನೆಯ ವಾಕ್ಯವನ್ನು ನಾನು ನಾಲ್ಕಾರು ಸಲ ಹೊಡೆದುಹಾಕಿ ಬರೆದಿದ್ದೆ: "ಈ ರೋಗ ಅಂಟಿದ ಯಾವ ವಸ್ತುವನ್ನೂ, ಯಾರೂ, ಯಾವ ಕಾರಣಕ್ಕೂ ತಮ್ಮ ಬಳಿ ಇಟ್ಟುಕೊಳ್ಳಕೂಡದು." ಅವರು ಅದನ್ನು ಗಟ್ಟಿಯಾಗಿ ಓದಿ, "ಇದು ಚಲೋ ಆತು" ಎಂದಿದ್ದರು.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಮಿರ್ಜಾನದಿಂದ ಸುದ್ದಿ ಬಂತು, ಗದ್ದೆ ಕೆಲಸದ ಮನೆಯೊಂದರಲ್ಲಿ ಎತ್ತು ಸತ್ತಿದೆ ಎಂದು. ಆ ಮನೆಯ ಹೆಂಗಸರಿಗೆ ವಿಷಯ ತಿಳಿಸಿ ಹೇಳಲು ಅನುಕೂಲವಾಗುತ್ತದೆ ಎಂದು ಅವರು ನನ್ನನ್ನೂ ಕರೆದುಕೊಂಡು ಹೋದರು.

ಎತ್ತು ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಬಿದ್ದಿತ್ತು. ಹೊಟ್ಟೆ ಉಬ್ಬಿತ್ತು, ಮೂಗಿನ ಕೆಳಗೆ ಮಣ್ಣು ಕಪ್ಪಾಗಿತ್ತು. ಮನೆಯ ಯಜಮಾನ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ನಿನ್ನೆ ಸಂಜೀಗೆ ಹುಲ್ಲು ತಿಂದಿತ್ತು ಒಡೆಯಾ," ಎಂದ. "ಬೆಳಗಾಗೂದ್ರೊಳಗೆ ಹೀಂಗಾಗಿ ಬಿಟ್ತು. ತೆಂಗಿನ ಬುಡಕ್ಕೆ ಮಣ್ಣು ಮಾಡ್ತೆ ನಾನು. ಮನೆದೇ ಮಗ ಅದು."

"ಮನೆ ಹತ್ತಿರ ಆಗೋದಿಲ್ಲ," ಎಂದರು ಇವರು. "ಗುಡ್ಡದ ಮೇಲಿನ ಬೇಣದಲ್ಲಿ ಆಳವಾಗಿ ಹೊಂಡ ತೆಗೆದು ಸುಣ್ಣ ಹಾಕಿ ಮುಚ್ಚಬೇಕು. ಹಗ್ಗ, ಹುಲ್ಲು, ಅದರ ಮೈಗೆ ತಾಗಿದ್ದು ಎಲ್ಲಾ ಹೋಗಬೇಕು. ಕಾಯಿದೆ ಅದು."

ಎತ್ತಿನ ಕೊರಳಲ್ಲಿ ಹಿತ್ತಾಳೆಯ ಗಂಟೆಯಿತ್ತು. ಯಜಮಾನನ ತಾಯಿ, ಕೊರಳ ತುಂಬ ಕರಿಮಣಿ ಹಾಕಿಕೊಂಡ ಮುದುಕಿ, ಮುಂದೆ ಬಂದು ಕೈಮುಗಿದಳು. "ಗಂಟೆ ಒಂದು ಕೊಡಿ ಒಡೆಯಾ. ನನ್ನ ಅಪ್ಪ ಕೊಟ್ಟದ್ದು. ಕುದಿಯೂ ನೀರಲ್ಲಿ ಹಾಕಿ ತೊಳೀತೆ."

ಅವರು ತಲೆ ಅಲ್ಲಾಡಿಸಿದರು. ಮುದುಕಿ ನನ್ನ ಮುಖ ನೋಡಿದಳು. ನಾನು ಕರಪತ್ರದ ಮಾತನ್ನೇ ಅವಳಿಗೆ ಮೆಲ್ಲಗೆ ತಿಳಿಸಿ ಹೇಳಿದೆ, ಯಾರೂ, ಯಾವ ಕಾರಣಕ್ಕೂ ಇಟ್ಟುಕೊಳ್ಳಬಾರದು ಅಮ್ಮಾ ಎಂದು. ಅವಳು ಮತ್ತೆ ಕೇಳಲಿಲ್ಲ. ಗಂಟೆ ಎತ್ತಿನ ಜೊತೆಗೇ ಹೊಂಡಕ್ಕೆ ಹೋಯಿತು. ಗಂಡಸರು ಮಣ್ಣು ಎಳೆಯುವಾಗ ಅದು ಒಮ್ಮೆ ಸದ್ದು ಮಾಡಿತು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಸಂಕಟವಾಗಿತ್ತು, ಆದರೆ ನಾಚಿಕೆಯಾಗಿರಲಿಲ್ಲ. ಸರಿಯಾದದ್ದನ್ನು ಮಾಡುತ್ತಿದ್ದೇವೆ ಎಂಬ ಧೈರ್ಯವಿತ್ತು.

ಮುಚ್ಚುವ ಮೊದಲು ಅವರು ನಿಯಮದಂತೆ ಎತ್ತಿನ ಕಿವಿಯ ತುಂಡು ತೆಗೆದಿದ್ದರು. ಮರುದಿನ ಅದನ್ನು ಮೊಹರು ಮಾಡಿ, ಈ ಸಲ ಅಂಚೆಯನ್ನು ನಂಬದೆ, ಆಸ್ಪತ್ರೆಯ ಜವಾನನ ಕೈಯಲ್ಲೇ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಗೆ ಆ ಕೆಲಸ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ನಮ್ಮ ಬಾಡಿಗೆ ಮನೆ ಮೀನುಪೇಟೆಗೆ ಹೋಗುವ ದಾರಿಯಲ್ಲಿತ್ತು. ದಿನಾ ನಮ್ಮ ಅಂಗಳದ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ಒಬ್ಬ ಮೀನುಗಾರ ಹೆಂಗಸು ಇದ್ದಳು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಗಂಡ ದೋಣಿಯಲ್ಲಿ ಹೋದವನು ಬಂದಿರಲಿಲ್ಲ, ಮಗಳೊಬ್ಬಳನ್ನು ತದಡಿಗೆ ಕೊಟ್ಟಿದ್ದಳು. ನಾವು ಮೀನು ತಿನ್ನುವ ಜನವಲ್ಲವೆಂದು ಬುಟ್ಟಿಯನ್ನು ಮೆಟ್ಟಿಲಿನಿಂದ ದೂರ ಇಟ್ಟು, ತಾನೂ ದೂರ ಕೂತು, ದನಿ ಮಾತ್ರ ಹತ್ತಿರ ತರುತ್ತಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಅಕ್ಕೋರೆ ಎನ್ನುತ್ತಿದ್ದಳು. ಅವಳ ಬಳಿ ಮೀನಿಗೆ ಬರ್ಫ, ಅಂದರೆ ಮಂಜುಗಡ್ಡೆ, ಹಾಕಿಡುವ ಒಂದು ಹಳೆಯ ಮರದ ಪೆಟ್ಟಿಗೆ ಹೆಚ್ಚಿಗೆ ಇತ್ತು. ಮಿರ್ಜಾನದಿಂದ ಬಂದ ಸಂಜೆಯೇ ಇವರು ಅದನ್ನು ಕೇಳಿ ತಂದರು. ದನಗಳ ಔಷಧಿ ತಂಪಾಗಿಡಬೇಕು, ಆಸ್ಪತ್ರೆಯ ಫ್ರಿಜ್ಜು ಕೆಟ್ಟಿದೆ ಎಂದರು. ಫ್ರಿಜ್ಜು ಕೆಟ್ಟಿದ್ದು ನಿಜವೇ ಆಗಿತ್ತು. ಅಕ್ಕ ಸಂತೋಷದಿಂದ ಕೊಟ್ಟಳು. ಪ್ರತಿದಿನ ತನ್ನ ಬರ್ಫದಲ್ಲೇ ಒಂದು ಪಾಲು ಒಡೆದು ನಮ್ಮ ಹಿತ್ತಿಲಲ್ಲಿ ಇಟ್ಟುಹೋಗುತ್ತಿದ್ದಳು. ಪೆಟ್ಟಿಗೆ ಹಿತ್ತಿಲ ಬಚ್ಚಲಮನೆಯಲ್ಲಿ, ಕಟ್ಟಿಗೆ ರಾಶಿಯ ಹಿಂದೆ ಕೂತಿತು.

ಒಮ್ಮೆ ಸ್ನಾನಕ್ಕೆ ಹೋದಾಗ ಮುಚ್ಚಳ ಎತ್ತಿ ನೋಡಿದೆ. ಬರ್ಫದ ನೀರಿನಲ್ಲಿ ಒಂದು ಗಾಜಿನ ಬಾಟಲಿ, ಬಾಯಿಗೆ ಮೇಣ ಮೆತ್ತಿತ್ತು.

"ಅದು ಎಂತದು?" ಎಂದು ಕೇಳಿದೆ.

"ಔಷಧಿ ಇದ್ದು. ಮುಟ್ಟಡ," ಎಂದರು.

ಮನೆಯಲ್ಲಿ ನಾವು ನಮ್ಮ ಮನೆಮಾತೇ ಆಡುತ್ತಿದ್ದೆವು. ಆ ಮಾತಿನಲ್ಲಿ ಅವರು ನನಗೆ ಸುಳ್ಳು ಹೇಳಿದ್ದು, ನನಗೆ ತಿಳಿದ ಮಟ್ಟಿಗೆ, ಅದೊಂದೇ ಸಲ.

ಕೆಲವು ದಿನಗಳಲ್ಲಿ ಪ್ರಯೋಗಾಲಯದ ಉತ್ತರ ಬಂತು. ನೆರಡಿಯೇ ಹೌದು. ಅವರು ಅಷ್ಟು ಖುಷಿಯಾದದ್ದನ್ನು ನಾನು ನೋಡಿರಲಿಲ್ಲ. ರೋಗ ಬಂತೆಂದು ಖುಷಿಪಡುವುದುಂಟೇ ಎಂದು ನಾನು ನಕ್ಕೆ. ಅವರು ಊರೂರು ಸುತ್ತಿ ದನಗಳಿಗೆ ಚುಚ್ಚುಮದ್ದು ಹಾಕತೊಡಗಿದರು. ಕತಗಾಲದ ಕಡೆಗೆ ಹೋದರೆ ನಾಲ್ಕೈದು ರಾತ್ರಿ ಅಲ್ಲೇ ಉಳಿಯುತ್ತಿದ್ದರು.

ಅವರು ಹಾಗೆ ಊರಲ್ಲಿಲ್ಲದ ಒಂದು ಬೆಳಿಗ್ಗೆ ಅಕ್ಕ ಓಡುತ್ತ ಬಂದಳು.

"ಅಕ್ಕೋರೆ, ಪೆಟ್ಗೆ ಬೇಕಿತ್ತು. ತದಡೀಲಿ ಬಂಗಡೆ ರಾಶಿ ಬಿದ್ದದೆ ಅಂಬ್ರು. ಡಾಕ್ಟ್ರ ಔಷಧ ತೆಗ್ದಿಟ್ಕಣಿ, ಸಂಜೀಗೆ ಬೇರೆ ತಂದ್ಕೊಡ್ತೆ."

ಅವಳ ವಸ್ತು, ಅವಳ ದುಡಿಮೆಯ ಹೊತ್ತು. ಬೇಡವೆನ್ನುವುದು ಹೇಗೆ? ಇಬ್ಬರೂ ಸೇರಿ ಪೆಟ್ಟಿಗೆಯನ್ನು ಹಿತ್ತಿಲಿಗೆ ಎಳೆದೆವು. ಬಾಟಲಿ ಎತ್ತಲು ನಾನು ಕೈ ಹಾಕುವಷ್ಟರಲ್ಲಿ ಅವಳು, "ನೀವು ಮುಟ್ಬೇಡಿ, ಮೀನಿನ ನೀರು ಅದು, ಮೈಲಿಗೆ ಆಗ್ತದೆ," ಎಂದು ತಾನೇ ಕೈ ಹಾಕಿದಳು. ಬಾಟಲಿಯ ತಳ ಯಾವಾಗಲೋ ಬಿರುಕು ಬಿಟ್ಟಿತ್ತು. ಎತ್ತಿದ ಕೂಡಲೇ ತಳ ಕಳಚಿ, ಗಾಜಿನ ಚೂರು ಅವಳ ಮಣಿಕಟ್ಟಿನ ಮೇಲೆ ಗೀರಿತು. ಒಳಗಿದ್ದದ್ದು ನೀರಿಗೆ ಬಿತ್ತು. ಒಣಗಿದ ಚರ್ಮದ ತುಂಡಿನಂತಿತ್ತು, ಅಂಚಿಗೆ ಕಂದು ಕೂದಲು. ಔಷಧಿಗೆ ಕೂದಲೆಲ್ಲಿಂದ ಬಂತು ಎಂದು ನನಗೆ ಒಂದು ಕ್ಷಣ ಅನಿಸಿತು. ಆದರೆ ಅವಳು ಅದನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಪೆಟ್ಟಿಗೆಯನ್ನು ತೆಂಗಿನ ನಾರಿನಿಂದ ತಿಕ್ಕಿ, ಗೀರಿಗೆ ಒಂದಿಷ್ಟು ಅರಿಶಿನ ಹಚ್ಚಿಸಿಕೊಂಡು ಹೊರಟೇಹೋದಳು. "ಎಂತೂ ಆಗೂದಿಲ್ಲ ಬಿಡಿ, ಮೀನಿನ ಮುಳ್ಳು ಇದಕ್ಕಿಂತ ಜೋರು," ಎಂದು ಹೇಳಿದ್ದಳು.

ಸಂಜೆ ಬರಲಿಲ್ಲ. ಮರುದಿನ, ಅದರ ಮರುದಿನ ಬಂದಳು, ಮಾತು ಕಡಿಮೆ. ಆಮೇಲೆ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದವಳು ಮಣಿಕಟ್ಟಿಗೆ ಸುತ್ತಿದ ಬಟ್ಟೆ ಬಿಚ್ಚಿ ತೋರಿಸಿದಳು.

"ನೋಡಿ ಅಕ್ಕೋರೆ, ಎಂತದು ಇದು? ನೋವೇ ಇಲ್ಲ. ಆದ್ರೆ ಕೈ ಹೀಂಗೆ ಬಾತದೆ."

ಸುತ್ತ ಊದಿಕೊಂಡಿತ್ತು. ನಡುವೆ, ಇದ್ದಿಲು ಅಂಟಿಸಿದ ಹಾಗೆ, ಕಪ್ಪು.

ನಾನು ಬರೆದ ವಾಕ್ಯವೇ ನನ್ನೆದುರು ಕೂತಿತ್ತು. ಕಂದು ಕೂದಲಿನ ತುಂಡು ಏನೆಂದು ಆಗ ತಿಳಿಯಿತು. ಮಿರ್ಜಾನದ ಎತ್ತು ಕಂದು ಬಣ್ಣದ್ದಾಗಿತ್ತು. ಅವರು ಎರಡು ತುಂಡು ತೆಗೆದಿದ್ದರು. ಒಂದನ್ನು ಕಳಿಸಿ ಒಂದನ್ನು ನಾವು ದಿನಾ ಸ್ನಾನ ಮಾಡುವ ಜಾಗದಲ್ಲಿ ಇಟ್ಟಿದ್ದರು.

ಕತಗಾಲಕ್ಕೆ ಹೋದವರು ಇನ್ನೂ ಮರಳಿರಲಿಲ್ಲ. ಕಾಯಬಹುದಿತ್ತು ಎಂದು ನಂತರ ನಮ್ಮ ನೆಂಟರು ಹೇಳಿದರು. ಹುಣ್ಣು ಕಾಯುವಂಥದ್ದಾಗಿರಲಿಲ್ಲ. ನಾನು ಅವಳ ಬುಟ್ಟಿಯನ್ನು ಅಂಗಳದಲ್ಲೇ ಬಿಡಿಸಿ, ಅವಳನ್ನು ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ನಡೆದೆ. ಅಲ್ಲಿಯ ಡಾಕ್ಟರು ನೋಡಿ, ಮೀನಿನ ಮುಳ್ಳು ಚುಚ್ಚಿ ನಂಜಾಗಿದೆ ಎಂದು ಮುಲಾಮು ಬರೆಯತೊಡಗಿದರು.

"ಅದು ನೆರಡಿ ಇರಬಹುದು," ಎಂದೆ.

ಅವರು ತಲೆ ಎತ್ತಿದರು. "ಮೀನು ಮಾರುವವರಿಗೆ ನೆರಡಿ ಎಲ್ಲಿಂದ ಬರ್ತದೆ ಅಕ್ಕೋರೆ?"

"ನಮ್ಮ ಮನೆಯಿಂದ," ಎಂದೆ.

ನನ್ನ ಬಾಯಿಂದ ಆ ಮಾತು ಬಂದಾಗ ಅಕ್ಕ ನನ್ನ ಪಕ್ಕದಲ್ಲೇ ಸ್ಟೂಲಿನ ಮೇಲಿದ್ದಳು. ಡಾಕ್ಟರಿಗೆ ಎಲ್ಲ ಹೇಳಿ ಮುಗಿಸುವವರೆಗೆ ನಾನು ಅವಳ ಕಡೆ ತಿರುಗಲಿಲ್ಲ. ನೆಲ ನೋಡುತ್ತಲೇ ಹೇಳಿದೆ. ಮುಗಿದ ಮೇಲೆ ಅವಳು, "ಔಷಧ ಅಂದಿದ್ರಲ್ಲ ಡಾಕ್ಟ್ರು?" ಎಂದಳು. ಕೋಪದ ದನಿಯಲ್ಲ. ನಿಜವಾಗಿ ಕೇಳುವ ದನಿ.

ಅವಳನ್ನು ಅಲ್ಲೇ ಸೇರಿಸಿಕೊಂಡು ಪೆನ್ಸಿಲಿನ್ ಇಂಜೆಕ್ಷನ್ ಶುರುಮಾಡಿದರು. ನನ್ನ ಕೈಗಳನ್ನೂ ನೋಡಿದರು, ಮೈ ಬಿಸಿ ಇದೆಯೇ ಎಂದು ದಿನಾ ಬಂದು ತೋರಿಸಲು ಹೇಳಿದರು. ಸಂಜೆ ಇವರು ಮನೆಗೆ ಬಂದರು. ಎಂದಿನಂತೆ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದೆ. ಬಾಟಲಿ ಒಡೆದದ್ದು, ಹುಣ್ಣು, ಆಸ್ಪತ್ರೆ.

"ಡಾಕ್ಟ್ರಿಗೆ ಹೇಳ್ದ್ಯಾ?" ಎಂದರು.

"ಹೇಳ್ದಿ."

"ಯನ್ನ ಒಂದು ಮಾತು ಕೇಳದ್ದೇ?"

"ನಿಂಗ ಯನ್ನ ಕೇಳಿದ್ರಾ?" ಎಂದೆ. ಮದುವೆಯಾದ ಮೇಲೆ ಅವರಿಗೆ ಎದುರಾಡಿದ್ದು ಅದೇ ಮೊದಲು. "ಆ ಮುದುಕಿಗೆ ಒಂದು ಗಂಟೆ ಕೊಟ್ರಿಲ್ಲೆ."

ಅವರು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತರು. ಕೈಯಿಂದ ಫಿನೈಲಿನ ನೀರು ತೊಟ್ಟಿಕ್ಕುತ್ತಿತ್ತು. ಭಟ್ಕಳದ ಆ ಅಂಗಳದ ಮಾತು ಆಗ ಹೊರಗೆ ಬಂತು. ಈ ಸಲವೂ ಕಳಿಸಿದ್ದು ಕೊಳೆತುಹೋದರೆ, ಈ ಸಲವೂ ಮೇಲಧಿಕಾರಿ ಬಂದು ಜನರ ಎದುರು ಕೇಳಿದರೆ, ತಗೊಳ್ಳಿ ನೋಡಿ ಎಂದು ಮುಂದಿಡಲು ಒಂದು ಇರಲಿ ಎಂದು ಇಟ್ಟದ್ದಂತೆ. ಉತ್ತರ ಬಂದ ಮೇಲಾದರೂ ಸುಡಬಹುದಿತ್ತಲ್ಲ ಎಂದು ಕೇಳಿದೆ. ನಾಳೆ ಸುಡುವ, ನಾಡಿದ್ದು ಸುಡುವ ಎಂದು ಬಿಟ್ಟಿದ್ದರು. ಆಮೇಲೆ ಎದ್ದು, ಬೇರೆ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿಂದ ತಮ್ಮ ಇಲಾಖೆಗೆ ತಾವೇ ತಂತಿ ಕೊಟ್ಟರು.

ಮುಂದಿನ ವಾರ ನಮ್ಮ ಮನೆ ಊರಿಗೊಂದು ನೋಟವಾಯಿತು. ಆರೋಗ್ಯ ಇಲಾಖೆಯವರು ಬಂದು ಬಚ್ಚಲಮನೆಯ ಕಟ್ಟಿಗೆಯನ್ನೆಲ್ಲ ಹೊರಗೆಳೆದು ಸುಟ್ಟರು. ಬಾಳೆಗಿಡಗಳನ್ನು ಬುಡಸಹಿತ ಕಿತ್ತು ಸುಟ್ಟರು. ಬಿದ್ದ ತುಂಡನ್ನು ಹುಡುಕಿ ಸುಟ್ಟು, ಆ ಮಣ್ಣಿಗೆ ಬೆಂಕಿ ಹಾಕಿ, ಮೇಲೆ ಸುಣ್ಣ ಸುರಿದರು. ಅಕ್ಕನ ಪೆಟ್ಟಿಗೆಯನ್ನು ಅವಳ ಮನೆಯಿಂದ ತಂದು ಅದೇ ಬೆಂಕಿಗೆ ಹಾಕಿದರು. ಬೇಲಿಯಾಚೆ ನನ್ನ ಶಾಲೆಯ ಮಕ್ಕಳು, ಅವರ ತಾಯಂದಿರು ನಿಂತು ನೋಡುತ್ತಿದ್ದರು. ನಾನು ಮುಂಬಾಗಿಲು ಹಾಕಿಕೊಂಡು ಒಳಗೆ ಕೂತೆ. ಸುಣ್ಣದ ವಾಸನೆ ಕಿಟಕಿಯಿಂದ ಬರುತ್ತಿತ್ತು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ನನಗೆ ಸ್ವಲ್ಪ ದಿನ ರಜೆ ಹಾಕಲು ಹೇಳಿದರು. ತುಂಬ ಮರ್ಯಾದೆಯಿಂದ ಹೇಳಿದರು. ಅದು ಇನ್ನೂ ಚುಚ್ಚಿತು.

ವಿಚಾರಣೆಗೆ ಬಂದ ಅಧಿಕಾರಿ ಹೊಸಬರು, ಮಾತು ಮೃದು. ನಮ್ಮ ಮನೆಯ ಹೊರಜಗಲಿಯಲ್ಲೇ ಕೂತು ಕೇಳಿದರು. ಅವರ ಕೈಯಲ್ಲಿ ನಮ್ಮ ಕರಪತ್ರವಿತ್ತು.

"ಇದನ್ನು ಹಂಚಿದ್ದು ನೀವೇ ಅಲ್ವಾ?"

"ಹೌದು."

"ಕೊನೆಯ ಸಾಲು ಓದಿ."

ಇವರು ಓದಿದರು. ಅಧಿಕಾರಿ ಕೇಳಿದರು, "ಬಹಳ ಸ್ಪಷ್ಟವಾಗಿ ಬರೆದಿದೆ. ಯಾರು ಬರೆದದ್ದು?"

"ಹೆಂಡತಿ," ಎಂದರು.

ಅಧಿಕಾರಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು. ಕಾಯಿದೆ ಹಳ್ಳಿಯವರಿಗೆ ಮಾತ್ರ ಎಂದು ನೀವಿಬ್ಬರೂ ತಿಳಿದಿದ್ದಿರಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಚಹಾ ತರಲು ಒಳಗೆ ಹೋದವಳು ನಾನು ಒಲೆಯ ಮುಂದೆ ನಿಂತು, ಹಾಲು ಉಕ್ಕುವುದನ್ನು ನೋಡುತ್ತ, ಇಳಿಸದೆ ನಿಂತೇ ಇದ್ದೆ.

ಇವರನ್ನು ಕೆಲಸದಿಂದ ಅಮಾನತು ಮಾಡಿದರು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರು. ಅಕ್ಕ ಬದುಕಿದಳು. ಹುಣ್ಣು ಮಾಗಿ, ಕೈಯ ಊತ ಇಳಿದು, ಮತ್ತೆ ಬುಟ್ಟಿ ಹೊತ್ತು ಪೇಟೆಗೆ ಹೋದಳು. ಕಷ್ಟ ಶುರುವಾದದ್ದು ಅಲ್ಲಿ. ಅವಳ ಮೀನು ಮುಟ್ಟಿದರೆ ರೋಗ ಬರುತ್ತದೆ ಎಂದು ಊರು ತುಂಬ ಮಾತಾಗಿತ್ತು. ಪಕ್ಕದಲ್ಲಿ ಕೂತು ಮಾರುವ ಹೆಂಗಸರು, ಅವಳ ಜೊತೆಯಲ್ಲೇ ಬೆಳೆದವರು, ನೀನು ಸ್ವಲ್ಪ ಆಚೆ ಕೂತುಕೋ ಎಂದರು. ಬಾಡಿದ ಬಂಗಡೆ ಹೊತ್ತುಕೊಂಡು ಅವಳು ನಮ್ಮ ಮನೆಯ ಮುಂದೆಯೇ ವಾಪಸು ಹೋಗುತ್ತಿದ್ದಳು. ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಿದ್ದಳು. ಕಿಟಕಿಯಿಂದ ಕಂಡರೆ ನಾನು ಹಿಂದಕ್ಕೆ ಸರಿಯುತ್ತಿದ್ದೆ.

ಒಂದು ಬೆಳಿಗ್ಗೆ ಇವರು ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಹೊರಟರು. ಅಮಾನತಾದ ಮೇಲೆ ಅವರು ಗೇಟು ದಾಟಿರಲಿಲ್ಲ. ಎಲ್ಲಿಗೆಂದು ಹೇಳಲಿಲ್ಲ. ರಜೆ ಮುಗಿಸಿ ಶಾಲೆಗೆ ಹೊರಟ ನಾನು ಮೀನುಪೇಟೆಯ ಮುಂದೆ ಜನ ಗುಂಪುಗೂಡಿದ್ದು ಕಂಡು ಇಣುಕಿದೆ. ಅಕ್ಕ ಒಂಟಿಯಾಗಿ ಮೂಲೆಯಲ್ಲಿ ಬುಟ್ಟಿ ಬಿಚ್ಚಿದ್ದಳು. ಅವಳ ಪಕ್ಕದಲ್ಲಿ, ಗೋಣಿಯ ಮೇಲೆ, ಮೀನಿನ ನೀರು ಹರಿಯುವ ನೆಲದಲ್ಲಿ, ಜನಿವಾರದ ಈ ಮನುಷ್ಯ ಚಕ್ಕಳ ಮಕ್ಕಳ ಹಾಕಿ ಕೂತಿದ್ದರು.

"ರೋಗ ಮೀನಿಂದು ಅಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. "ನಾನು ಇಟ್ಟುಕೊಂಡದ್ದು. ನನ್ನಿಂದ ಬಂದದ್ದು. ಈಗ ಇವರ ಮೈಯಲ್ಲೂ ಇಲ್ಲ, ಮೀನಲ್ಲಿ ಯಾವತ್ತೂ ಇರಲಿಲ್ಲ."

ಹುಡುಗರು ಕಿಸಿಕಿಸಿ ನಗುತ್ತಿದ್ದರು. ಯಾರೋ ನಮ್ಮವರೇ ಒಬ್ಬರು, ಭಟ್ಟರು ಮೀನಿಗಿಳಿದರು ಎಂದು ಗಟ್ಟಿಯಾಗಿ ಹೇಳಿದರು. ಅಕ್ಕನಿಗೆ ಸಿಟ್ಟು ಬಂದಿತ್ತು.

"ಎದ್ದೇಳಿ ಡಾಕ್ಟ್ರೆ! ನೀವು ಇಲ್ಲಿ ಕೂತ್ರೆ ಇದ್ದ ಗಿರಾಕಿನೂ ಬರೂದಿಲ್ಲ."

"ಇರ್ತೇನೆ. ಇವತ್ತು ಇರ್ತೇನೆ," ಎಂದರು ಇವರು.

"ಹಾಂಗಾರೆ ಸುಮ್ನೆ ಕೂರೂದು ಎಂತಕ್ಕೆ? ನೊಣ ಆದ್ರೂ ಹೊಡೀರಿ," ಎಂದು ಅವಳು ಒಂದು ಮಾವಿನ ಟೊಂಗೆಯನ್ನು ಅವರ ಕೈಗೆ ಕೊಟ್ಟಳು. ಇವರು ಬಂಗಡೆಯ ಮೇಲೆ ಟೊಂಗೆ ಬೀಸುತ್ತ ಕೂತರು.

ಛತ್ರಿಯನ್ನು ಓರೆಮಾಡಿ ಮುಖ ಮರೆಸಿಕೊಂಡು ಶಾಲೆಗೆ ನಡೆದೆ. ಅವತ್ತು ಮಕ್ಕಳಿಗೆ ಏನು ಕಲಿಸಿದೆನೋ ನೆನಪಿಲ್ಲ. ಮಧ್ಯಾಹ್ನ ಅದೇ ದಾರಿಯಲ್ಲಿ ಬರುವಾಗ ಅವರು ಇನ್ನೂ ಅಲ್ಲೇ ಇದ್ದರು. ಆಸ್ಪತ್ರೆಯ ಡಾಕ್ಟರು ಚೀಲ ಹಿಡಿದು ಬಂದು, ಅಕ್ಕನ ಬುಟ್ಟಿಯಿಂದ ಬಂಗಡೆ ಆರಿಸುತ್ತಿದ್ದರು. ಎಲ್ಲರಿಗೂ ಕಾಣುವ ಹಾಗೆ ಒಂದೊಂದನ್ನೇ ಎತ್ತಿ ಕಿವಿರು ತೆರೆದು ನೋಡುತ್ತಿದ್ದರು. ಅವರ ಹಿಂದೆ ಇನ್ನೊಬ್ಬರು ಬಂದು ನಿಂತಿದ್ದರು.

ಇವರು ಎಷ್ಟೋ ದಿನ ಹಾಗೆ ಹೋದರು. ಗಿರಾಕಿಗಳು ಮೊದಲಿನಷ್ಟು ಅಲ್ಲದಿದ್ದರೂ ಬಂದರು. ಕೊನೆಗೆ ಅಕ್ಕನೇ, "ಸಾಕು, ಇನ್ನು ಮನೇಲಿ ಕೂರಿ. ನೊಣ ನಾನೇ ಹೊಡ್ಕಂತೆ," ಎಂದು ಕಳಿಸಿದಳಂತೆ. ಹೊಸ ಪೆಟ್ಟಿಗೆಯೊಂದನ್ನು ಬಡಗಿಯಿಂದ ಮಾಡಿಸಿ ಇವರು ಅವಳ ಮನೆಗೆ ಹೊತ್ತುಕೊಂಡು ಹೋದರು. ಅವಳು ತೆಗೆದುಕೊಂಡಳು, ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ನಮ್ಮ ಕಟ್ಟೆಯ ಮೇಲೆ ಮತ್ತೆ ಕೂತದ್ದೂ ಇಲ್ಲ.

ನಮ್ಮ ಕಡೆಯ ನೆಂಟರು ಮದುವೆ ಮುಂಜಿಗಳಿಗೆ ಕರೆಯುವುದನ್ನು ಕಡಿಮೆ ಮಾಡಿದರು. ಬಾಟಲಿ ಇಟ್ಟದ್ದಕ್ಕಲ್ಲ, ಮೀನುಪೇಟೆಯಲ್ಲಿ ಕೂತದ್ದಕ್ಕೆ. ಇದನ್ನು ಯಾರ ಹತ್ತಿರ ಹೇಳುವುದು?

ಅಮಾನತು ತೆರವಾದ ಮೇಲೆ ಅವರನ್ನು ಘಟ್ಟದ ಮೇಲೆ ಹಾಕಿದರು, ಬಡ್ತಿ ತಡೆದರು. ನಾನು ಕೇಳಿಕೊಂಡು ಹೊನ್ನಾವರದ ಒಂದು ಶಾಲೆಗೆ ವರ್ಗ ಮಾಡಿಸಿಕೊಂಡೆ. ಕುಮಟೆಯಲ್ಲಿ ಯಾರ ಕಣ್ಣನ್ನೂ ನೋಡಲು ಆಗುತ್ತಿರಲಿಲ್ಲ. ಹೊಸ ಶಾಲೆಯಲ್ಲಿ ಮೊದಲ ದಿನವೇ ಪಕ್ಕದ ತರಗತಿಯ ಅಕ್ಕೋರು, ಯಜಮಾನರಿಗೆ ಏನು ಕೆಲಸ ಎಂದು ಕೇಳಿದರು. ಸರ್ಕಾರಿ ನೌಕರಿ, ಘಟ್ಟದ ಮೇಲೆ, ಎಂದೆ. ಯಾವ ಇಲಾಖೆ ಎಂದು ಕೇಳುವ ಮೊದಲೇ ಹಾಜರಿ ಪುಸ್ತಕ ಎತ್ತಿಕೊಂಡು ಹೊರಟೆ. ಆಮೇಲೂ ಒಂದೆರಡು ವರ್ಷ ಹೀಗೇ ತಪ್ಪಿಸಿಕೊಂಡೆ.

ಒಂದು ಶನಿವಾರ ಅದೇ ಅಕ್ಕೋರು ಅಳುವ ಮುಖ ಮಾಡಿಕೊಂಡು ಬಂದರು. ಅವರ ಮನೆಯ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು, ಊರಿನ ದನದ ಡಾಕ್ಟರು ರಜೆಯಲ್ಲಿದ್ದರು. ಇವರು ಆ ದಿನ ಮನೆಗೆ ಬಂದಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ.

"ನಮ್ಮನೆಯವರು ದನದ ಡಾಕ್ಟ್ರೇ," ಎಂದೆ. "ಕುಮಟೆಯಲ್ಲಿದ್ದರು ಮೊದಲು."

ಅವರು ನನ್ನ ಮುಖವನ್ನೇ ನೋಡಿದರು. "ಕುಮಟೆಯಲ್ಲಾ? ಮೀನುಪೇಟೆಲಿ ಕೂತು ನೊಣ ಹೊಡೀತಿದ್ರಲ್ಲ, ಅವ್ರಾ?"

ಹೊನ್ನಾವರಕ್ಕೂ ಸುದ್ದಿ ಬಂದಿತ್ತು. ನಾನು ಮುಚ್ಚಿಟ್ಟುಕೊಂಡಿದ್ದ ವರ್ಷಗಳುದ್ದಕ್ಕೂ ಅದು ಇಲ್ಲೇ ತಿರುಗಾಡುತ್ತಿತ್ತು.

"ಹೌದು, ಅವರೇ," ಎಂದೆ.

"ಬೇಗ ಕರ್ಕೊಂಡು ಬನ್ನಿ ಹಾಂಗಾರೆ," ಎಂದು ಅವರು ಮುಂದೆ ಓಡಿದರು. ನಾನು ಮನೆಗೆ ಹೋಗಿ ಇವರನ್ನು ಎಬ್ಬಿಸಿದೆ. ದಾರಿಯಲ್ಲಿ ಅವರು ಹಸುವಿನ ಬಗ್ಗೆ ಮಾತ್ರ ಕೇಳಿದರು, ನಾನು ತಿಳಿದಷ್ಟು ಹೇಳಿದೆ.